ವಾರಿಜಾ ಹೆಸರಿನ ಚಿಮಟಗಳು

"ಇದರ ಹೆಸರನ್ನ ಜರ್ಮನಿಯಲ್ಲಿ ರಿಜಿಸ್ಟರ್ ಮಾಡಿಸ್ಬೇಕಮ್ಮ. ಸ್ವಲ್ಪ ಬೇಗ ಆಗ್ಬೇಕು" ಎಂದು ಹೇಳಿ, ಹತ್ತಿರದ ಸಣ್ಣ ಕಾರ್ಖಾನೆಯೊಂದರ ಯಜಮಾನರು ನನ್ನ ಮೇಜಿನ ಮೇಲೆ ಒಂದು ಚಿಮಟ ಇಟ್ಟರು.

ಕೈಗಡಿಯಾರ ರಿಪೇರಿ ಮಾಡುವವರು ಬಳಸುವ ಚಿಮಟ ಅದು. ತುದಿ ಸೂಜಿಮೊನೆಯಷ್ಟು ಸಣ್ಣ. ಹಿಡಿಯ ಒಳಬದಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ವಾರಿಜಾ' ಎಂದು ಲೇಸರ್‌ನಲ್ಲಿ ಬರೆದಿತ್ತು.

ನಾನು ಪೀಣ್ಯದಲ್ಲಿ ಟ್ರೇಡ್‌ಮಾರ್ಕ್ ಏಜೆಂಟ್. ಬೇರಿಂಗ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಕಚೇರಿ. ಸುತ್ತಲಿನ ಕಾರ್ಖಾನೆಗಳು ತಯಾರಿಸುವ ಪಂಪು, ವಾಲ್ವು, ಸ್ಕ್ರೂಗಳ ಹೆಸರನ್ನು ನೋಂದಾಯಿಸಿಕೊಡುವುದು ನನ್ನ ಹೊಟ್ಟೆಪಾಡು. ಹೊರದೇಶದ ಕೆಲಸ ಬಂದರೆ ಆ ದೇಶದ ವಕೀಲರ ಜೊತೆ ಸೇರಿ ಮಾಡುತ್ತೇನೆ. ಯಜಮಾನರು ಮೊದಲು ಸರ್ಕಾರಿ ಗಡಿಯಾರ ಕಾರ್ಖಾನೆಯಲ್ಲಿ ಟೂಲ್‌ಮೇಕರ್ ಆಗಿದ್ದವರು. ಅದು ಮುಚ್ಚುವ ಹಂತಕ್ಕೆ ಬಂದಾಗ ಸ್ವಯಂ ನಿವೃತ್ತಿ ಪಡೆದು, ಪೀಣ್ಯದ ಒಂದು ಶೆಡ್ಡಿನಲ್ಲಿ ಗಡಿಯಾರದವರ ಸಲಕರಣೆಗಳನ್ನು ಮಾಡಲು ಶುರುಮಾಡಿದರು. ಕಂಪನಿ ಗಂಡಹೆಂಡಿರ ಪಾಲುದಾರಿಕೆ. ಹೆಂಡತಿಯ ಹೆಸರೇ ವಾರಿಜಾ. ಚಿಮಟದ ಎರಡು ತುದಿಗಳೂ ಸರಿಯಾಗಿ ಕೂಡುತ್ತವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ ಪಾಸು ಮಾಡುತ್ತಿದ್ದವರು ಅವರು. ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು.

ಈಗ ಈ ಅವಸರವೇಕೆ ಎಂದು ಕೇಳಿದೆ. ದಕ್ಷಿಣ ಜರ್ಮನಿಯ ಸಣ್ಣ ಊರೊಂದರಲ್ಲಿ ಸಲಕರಣೆಗಳ ಅಂಗಡಿ ಇಟ್ಟಿದ್ದ ಒಬ್ಬರು ಇವರ ಮಾಲನ್ನೆಲ್ಲ ತರಿಸಿ ಮಾರುತ್ತಿದ್ದರಂತೆ. ಬರೀ ಗಿರಾಕಿಯಲ್ಲ, ಗೆಳೆಯರು. ಪೀಣ್ಯಕ್ಕೆ ಬಂದು ಮನೆಯಲ್ಲಿ ಉಂಡುಹೋದವರು. ಅವರ ಅಂಗಡಿ ನಷ್ಟವಾಗಿ ಮುಚ್ಚಿತು, ಆಮೇಲೆ ಮಾತೂ ಕಡಿಮೆಯಾಯಿತು. ಈಗ ಅಲ್ಲಿನ ಒಂದು ಆನ್‌ಲೈನ್ ಮಾರಾಟದ ಕಂಪನಿ ಇವರ ಮಾಲು ಬೇಕೆಂದಿತ್ತು. ಮೊದಲ ಪೆಟ್ಟಿಗೆಗಳು ವಿಮಾನ ಹತ್ತಿಯೂ ಆಗಿತ್ತು. ಆದರೆ ಪಟ್ಟಿಯಲ್ಲಿ ಹಾಕಬೇಕಾದರೆ ಹೆಸರು ಜರ್ಮನಿಯಲ್ಲಿ ನೋಂದಣಿಯಾಗಿರಬೇಕೆಂದು ಅವರು ಕೇಳಿದ್ದರು.

"ಇಂಡಿಯಾದಲ್ಲಿ ಮಾಡ್ಸಿದೀನಲ್ಲ, ಅದು ಸಾಲಲ್ವಾ?"

"ಇಲ್ಲಿಯ ನೋಂದಣಿ ಇಲ್ಲಿಗೆ ಮಾತ್ರ ಸಾರ್. ಅಲ್ಲಿ ಬೇರೆ ಅರ್ಜಿ ಹಾಕ್ಬೇಕು."

ಹೇಗೆಂದು ವಿವರಿಸಿದೆ. ಹೆಸರನ್ನು ಯಾವ ವಸ್ತುಗಳಿಗೆ ಬಳಸುತ್ತೇವೆಂದು ವರ್ಗದ ಪ್ರಕಾರ ಹೇಳಬೇಕು. ಕೈಸಲಕರಣೆಗಳದ್ದು ಎಂಟನೆಯ ವರ್ಗ. ವಸ್ತುಗಳ ವಿವರ ಜರ್ಮನ್ ಭಾಷೆಯಲ್ಲಿರಬೇಕು. ನಾವು ಯುರೋಪಿನ ಹೊರಗಿನವರಾದ್ದರಿಂದ ಅಲ್ಲಿನ ವಕೀಲರೊಬ್ಬರು ನಮ್ಮ ಪರವಾಗಿ ನಿಲ್ಲಬೇಕು. ಹೆಸರು ಆ ವಸ್ತುವನ್ನೇ ವರ್ಣಿಸುವಂತಿದೆಯೇ, ಜನರನ್ನು ದಾರಿ ತಪ್ಪಿಸುತ್ತದೆಯೇ ಎಂದು ಅಲ್ಲಿನ ಟ್ರೇಡ್‌ಮಾರ್ಕ್ ಕಚೇರಿ ನೋಡುತ್ತದೆ. ಆದರೆ ಅಂಥದೇ ಹೆಸರು ಬೇರೆ ಯಾರಿಗಾದರೂ ಮೊದಲೇ ಇದೆಯೇ ಎಂದು ಅದು ನೋಡುವುದಿಲ್ಲ. ನೋಂದಾಯಿಸಿ, ಪ್ರಕಟಿಸಿಬಿಡುತ್ತದೆ. ಆಮೇಲೆ ಮೂರು ತಿಂಗಳು ಕಾಯುತ್ತದೆ. ತಕರಾರು ಇರುವವರು ಅಷ್ಟರೊಳಗೆ ಬಂದು ಹೇಳಬೇಕು.

"ಅದಕ್ಕೇ ಮೊದಲು ನಾವೇ ಹುಡುಕಿ ನೋಡ್ಬೇಕು ಸಾರ್" ಎಂದು ಹೇಳಿ, ಅವರೆದುರೇ ಜರ್ಮನಿಯ ರಿಜಿಸ್ಟರ್ ತೆರೆದು ಹೆಸರನ್ನು ಟೈಪ್ ಮಾಡಿದೆ.

ಒಂದೇ ಒಂದು ಫಲಿತಾಂಶ ಬಂತು. ವಾರಿಜಾ. ಅದೇ ಅಕ್ಷರಗಳು, ಅದೇ ಎಂಟನೆಯ ವರ್ಗ. ನಾಲ್ಕು ವರ್ಷದ ಹಿಂದೆ ನೋಂದಣಿಯಾಗಿತ್ತು, ಆ ಗೆಳೆಯರ ಅಂಗಡಿಯ ಹೆಸರಿನಲ್ಲಿ. ಕೆಳಗೆ ಇನ್ನೊಂದು ಸಾಲಿತ್ತು. ಅಂಗಡಿ ದಿವಾಳಿಯಾದ ಮೇಲೆ ಹೆಸರು ಉತ್ತರ ಜರ್ಮನಿಯ ಒಂದು ವ್ಯಾಪಾರಿ ಕಂಪನಿಗೆ ವರ್ಗವಾಗಿತ್ತು.

ನಾನು ಪರದೆಯನ್ನು ಅವರತ್ತ ತಿರುಗಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅವನು ಹಂಗೆ ಮಾಡೋನಲ್ಲಮ್ಮ. ಬೇರೆ ಯಾರೋ ಇರ್ಬೇಕು ನೋಡು."

ವಿಳಾಸ ಓದಿ ಹೇಳಿದೆ. ಇಷ್ಟು ವರ್ಷ ಪಾರ್ಸೆಲ್ಲಿನ ಮೇಲೆ ಅವರೇ ಬರೆಯುತ್ತಿದ್ದ ವಿಳಾಸ ಅದು.

ಮ್ಯೂನಿಕ್‌ನಲ್ಲಿ ನನಗೆ ಪರಿಚಯದ ಒಬ್ಬ ವಕೀಲೆ ಇದ್ದಾರೆ. ವಿಡಿಯೋ ಕಾಲ್‌ನಲ್ಲಿ ಎಲ್ಲವನ್ನೂ ಹೇಳಿದೆ. ತಕರಾರಿನ ಮೂರು ತಿಂಗಳು ಎಂದೋ ಕಳೆದಿತ್ತು. ಪೀಣ್ಯದ ಶೆಡ್ಡಿನಲ್ಲಿ ಕೂತು ಜರ್ಮನಿಯ ಪ್ರಕಟಣೆಗಳನ್ನು ಯಾರು ಓದುತ್ತಾರೆ? ಆದರೂ ಒಂದು ದಾರಿ ಉಳಿದಿದೆ ಎಂದರು ಆಕೆ. ಒಬ್ಬರ ಮಾಲನ್ನು ಮಾರುವ ಏಜೆಂಟನೇ ಮಾಲೀಕರ ಒಪ್ಪಿಗೆಯಿಲ್ಲದೆ ಆ ಹೆಸರನ್ನು ತನ್ನದೆಂದು ಬರೆಸಿಕೊಂಡರೆ, ಮಾಲೀಕರು ಅದನ್ನು ರದ್ದು ಮಾಡಿಸಬಹುದು. ಆಮೇಲೆ ಅದನ್ನು ಬೇರೆಯವರು ಕೊಂಡಿದ್ದರೂ ಆ ದೋಷ ಹೋಗುವುದಿಲ್ಲ. ನಾವು ಅರ್ಜಿ ಹಾಕಿದರೆ ಕಚೇರಿ ಈಗಿನ ಒಡೆಯರಿಗೆ ತಿಳಿಸುತ್ತದೆ. ಅವರು ಎರಡು ತಿಂಗಳೊಳಗೆ ವಿರೋಧಿಸದಿದ್ದರೆ ಹೆಸರು ತಾನಾಗಿ ಬಿದ್ದುಹೋಗುತ್ತದೆ. ವಿರೋಧಿಸಿದರೆ ವಾದ ನಡೆಯುತ್ತದೆ.

"ನಮಗೆ ಮೂರು ವಿಷಯ ಬೇಕು" ಎಂದರು ವಕೀಲೆ. "ಭಾರತದಲ್ಲಿ ಹೆಸರು ಮೊದಲಿನಿಂದ ನಿಮ್ಮದು ಎನ್ನುವುದಕ್ಕೆ ಆಧಾರ. ಆ ಅಂಗಡಿಯವರು ನಿಮ್ಮ ಏಜೆಂಟಾಗಿದ್ದರು ಎನ್ನುವುದಕ್ಕೆ ಆಧಾರ. ಮತ್ತೆ, ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಮಾಲೀಕರ ಪ್ರಮಾಣದ ಹೇಳಿಕೆ."

ಮೊದಲೆರಡು ಸುಲಭವಾಗಿ ಸಿಕ್ಕವು. ಭಾರತದ ಪ್ರಮಾಣಪತ್ರವಿತ್ತು. ವರ್ಷಗಳ ಇಮೇಲ್‌ಗಳು, ಬಿಲ್ಲುಗಳು, ವಿಮಾನದಲ್ಲಿ ಸರಕು ಕಳಿಸಿದ ರಸೀದಿಗಳಿದ್ದವು. ಇಮೇಲ್‌ಗಳನ್ನು ಓದುತ್ತ ನನಗೆ ಆ ಇಬ್ಬರ ಪರಿಚಯವಾಯಿತು. ಚಿಮಟದ ಉಕ್ಕು ಎಷ್ಟು ಗಡುಸಾಗಿರಬೇಕು, ತುದಿಗೆ ಎಷ್ಟು ಓರೆ ಕೊಡಬೇಕು ಎಂದು ಪುಟಗಟ್ಟಲೆ ಜಗಳಾಡಿದ್ದರು. ಪ್ರತಿ ಪತ್ರದ ಕೊನೆಗೂ ಆ ಜರ್ಮನ್ ಮನುಷ್ಯ 'ವಾರಿಜಾ ಅವರಿಗೆ ನನ್ನ ನಮಸ್ಕಾರ' ಎಂದು ಬರೆಯುತ್ತಿದ್ದರು.

ಇದೆಲ್ಲ ಅನುವಾದಕ್ಕೆ ಹೋಗಿದ್ದಾಗ ಕೊರಿಯರ್ ಕಂಪನಿಯಿಂದ ಫೋನು ಬಂತು. ಮೊದಲು ಕಳಿಸಿದ್ದ ಪೆಟ್ಟಿಗೆಗಳನ್ನು ಜರ್ಮನಿಯ ಕಸ್ಟಮ್ಸ್‌ನವರು ತಡೆಹಿಡಿದಿದ್ದರು. ಹೆಸರು ಕೊಂಡಿದ್ದ ವ್ಯಾಪಾರಿ ಕಂಪನಿ, ಆ ಹೆಸರಿನ ಮಾಲು ಯಾರದು ಬಂದರೂ ತಡೆಯಿರಿ ಎಂದು ಮೊದಲೇ ಅಲ್ಲಿ ಅರ್ಜಿ ಹಾಕಿತ್ತು. ಹತ್ತು ಕೆಲಸದ ದಿನಗಳೊಳಗೆ ನಾವು ಆಕ್ಷೇಪಿಸಿದರೆ ಕಂಪನಿ ನಮ್ಮ ಮೇಲೆ ಕೋರ್ಟಿಗೆ ಹೋಗಬಹುದು. ಸುಮ್ಮನಿದ್ದರೆ ಮಾಲನ್ನು ನಾಶ ಮಾಡುತ್ತಾರೆ. ನೋಟಿಸಿನಲ್ಲಿ ನಮ್ಮ ಚಿಮಟಗಳನ್ನು 'ನಕಲಿ ಎಂದು ಶಂಕಿತ' ಎಂದು ಬರೆದಿತ್ತು.

ನೋಟಿಸು ತೆಗೆದುಕೊಂಡು ನಾನೇ ಶೆಡ್ಡಿಗೆ ಹೋದೆ. ಸಾಲಾಗಿ ಕೂತ ಹೆಂಗಸರು ಚಿಮಟದ ತುದಿಗಳನ್ನು ಸಾಣೆಕಲ್ಲಿಗೆ ಉಜ್ಜುತ್ತಿದ್ದರು. ಹೆಚ್ಚಿನವರು ಕೊಪ್ಪಳ, ರಾಯಚೂರಿನ ಕಡೆಯವರು, ಹತ್ತಿರದಲ್ಲೇ ಬಾಡಿಗೆ ಕೋಣೆಗಳಲ್ಲಿ ಇರುವವರು. ವಾರಿಜಾ ಅವರ ಜಾಗದಲ್ಲಿ ಈಗ ಭೂತಗನ್ನಡಿ ಹಿಡಿದು ಕೂರುವ ಹೆಂಗಸೂ ಅವರಲ್ಲಿ ಒಬ್ಬಳು. ಕೆಲಸ ಕಲಿಸಿದ್ದು ವಾರಿಜಾ ಅವರೇ. ನಾನು ಯಜಮಾನರಿಗೆ ನೋಟಿಸಿನ ಅರ್ಥ ಹೇಳುವುದನ್ನು ಆಕೆ ಕೇಳಿಸಿಕೊಂಡಳು.

"ನಾವ ಮಾಡಿದ್ದು ನಕಲಿ ಹ್ಯಾಂಗ ಆಗತೈತ್ರಿ ಮೇಡಂ?" ಎಂದಳು. "ಹಂಗಾರ ಅಸಲಿ ಯಾರು ಮಾಡ್ಯಾರ?"

ಕಾಗದದ ಮೇಲೆ ಹೆಸರು ಅವರದಾಗಿದೆ ಎಂದೆ. ಆಕೆ ಒಂದು ಚಿಮಟವನ್ನು ಬೆಳಕಿಗೆ ಹಿಡಿದು ನೋಡಿ, ಪಾಸಾದ ತಟ್ಟೆಯಲ್ಲಿಟ್ಟು, ಇನ್ನೊಂದನ್ನು ಎತ್ತಿಕೊಂಡಳು. ಮತ್ತೆ ನನ್ನತ್ತ ನೋಡಲಿಲ್ಲ.

ಈಗ ಆ ಹೇಳಿಕೆಯ ಅವಸರ ಹೆಚ್ಚಾಯಿತು. ರದ್ದತಿಯ ಅರ್ಜಿ ಸಲ್ಲಿಸಿದರೆ, ಕಸ್ಟಮ್ಸ್‌ನಲ್ಲಿ ಆಕ್ಷೇಪಿಸುವುದಕ್ಕೂ ನಮಗೊಂದು ಬಲ ಬರುತ್ತಿತ್ತು. ವಕೀಲೆ ಕರಡು ಕಳಿಸಿದರು. ಯಜಮಾನರು ಕಚೇರಿಗೆ ಬಂದರು. ಸಹಿ ಹಾಕುವವರಿಗೆ ಪ್ರತಿ ವಾಕ್ಯದ ಅರ್ಥವೂ ಗೊತ್ತಿರಬೇಕು, ಸುಳ್ಳು ಹೇಳಿದರೆ ಅಲ್ಲಿ ಅದು ಅಪರಾಧ. ಹಾಗಾಗಿ ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಓದಿ ಹೇಳುತ್ತ ಹೋದೆ. ಕಂಪನಿ ಶುರುವಾದದ್ದು, ಹೆಸರಿಟ್ಟದ್ದು, ಅಂಗಡಿಯವರಿಗೆ ಮಾರಲು ಕೊಟ್ಟದ್ದು, ಎಲ್ಲಕ್ಕೂ ತಲೆಯಾಡಿಸಿದರು.

"ಜರ್ಮನಿಯಲ್ಲಿ ಈ ಹೆಸರನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಳ್ಳಲು ನಾನಾಗಲಿ, ನನ್ನ ಕಂಪನಿಯ ಯಾವ ಪಾಲುದಾರರಾಗಲಿ ಅವರಿಗೆ ಎಂದೂ ಒಪ್ಪಿಗೆ ಕೊಟ್ಟಿರುವುದಿಲ್ಲ" ಎಂದು ಓದಿದೆ.

ಈ ಸಲ ತಲೆಯಾಡಿಸಲಿಲ್ಲ.

"ಇನ್ನೊಂದ್ಸಲ ಓದಮ್ಮ."

ಓದಿದೆ.

"ಯಾವ ಪಾಲುದಾರರಾಗಲಿ ಅಂದ್ರೆ, ಅವಳೂ ಸೇರಿದಳು ಅಲ್ವಾ?"

"ಹೌದು ಸಾರ್. ಕಂಪನಿಯಲ್ಲಿ ಇದ್ದಿದ್ದೇ ನೀವಿಬ್ಬರು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು. ಗೆಳೆಯ ಕೊನೆಯ ಸಲ ಪೀಣ್ಯಕ್ಕೆ ಬಂದಾಗ ಮನೆಯಲ್ಲಿ ಊಟಕ್ಕೆ ಕೂತಿದ್ದರಂತೆ. ವಾರಿಜಾ ಅವರಿಗೆ ಆಗಲೇ ಕಾಯಿಲೆ, ಆದರೂ ತಾವೇ ಬಡಿಸುತ್ತಿದ್ದರು. ನಿಮ್ಮ ಹೆಸರು ಅಲ್ಲಿ ಯಾರ ರಕ್ಷಣೆಯಲ್ಲೂ ಇಲ್ಲ, ಯಾರಾದರೂ ಕದಿಯಬಹುದು ಎಂದು ಗೆಳೆಯ ಎಚ್ಚರಿಸಿದರು.

"ಅದಕ್ಕೆ ಇವಳು, 'ಹಂಗಾದ್ರೆ ನೀವೇ ನಿಮ್ಮ ಹೆಸರಲ್ಲಿ ಬರೆಸಿಬಿಡಿ ಅಣ್ಣ, ನಿಮ್ಮ ಹತ್ರ ಇದ್ರೆ ನಮ್ಮ ಹತ್ರ ಇದ್ದಂಗೇ' ಅಂದ್ಲು. ನಾನೇ ಇಂಗ್ಲಿಷಲ್ಲಿ ಅವನಿಗೆ ಹೇಳ್ದೆ. ಅವನು ಕೈ ಮುಗಿದ. ಅಷ್ಟೇ. ಆಮೇಲೆ ಇವಳ ಆಸ್ಪತ್ರೆ ಓಡಾಟ ಶುರುವಾಯ್ತು. ಅದನ್ನ ಅವನು ನಿಜವಾಗ್ಲೂ ಮಾಡ್ಸಿದಾನೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ನನ್ನ ಕೈ ಕರಡಿನ ಮೇಲೇ ಇತ್ತು. ಆ ಮಾತನ್ನು ಕೇಳಿದವರು ಮೂರು ಜನ. ಒಬ್ಬರು ತೀರಿಕೊಂಡಿದ್ದಾರೆ, ಒಬ್ಬರು ದಿವಾಳಿಯಾಗಿದ್ದಾರೆ, ಒಬ್ಬರು ನನ್ನೆದುರಿಗೆ ಕೂತಿದ್ದಾರೆ. ಬರಹದಲ್ಲಿ ಎಲ್ಲೂ ಇಲ್ಲ. ಇದು ನನಗೆ ಹೊಳೆಯಿತು. ಅವರಿಗೂ ಹೊಳೆದಿತ್ತು. ಇಬ್ಬರೂ ಅದನ್ನು ಆಡಲಿಲ್ಲ.

ಮಾರನೆಯ ದಿನ ವಕೀಲೆಗೆ ತಿಳಿಸಿದೆ. ಬಾಯಿಮಾತಿನ ಒಪ್ಪಿಗೆಯೂ ಒಪ್ಪಿಗೆಯೇ. ಅದಿದ್ದರೆ ಈ ದಾರಿ ಮುಚ್ಚಿತು. ಮೋಸದ ಉದ್ದೇಶ ಎಂದು ವಾದಿಸಲೂ ಬರುವುದಿಲ್ಲ. ಅಂಗಡಿ ದಿವಾಳಿಯಾದಾಗ ಕೋರ್ಟು ನೇಮಿಸಿದವರು ಇದ್ದಬದ್ದದ್ದೆಲ್ಲ ಮಾರಿದರು, ಕಪಾಟು, ತಕ್ಕಡಿಗಳ ಜೊತೆ ಹೆಸರೂ ಹೋಯಿತು. ಕೊಂಡವರು ಕ್ರಮಬದ್ಧವಾಗಿಯೇ ಕೊಂಡಿದ್ದಾರೆ. "ನಿಮ್ಮ ಕಕ್ಷಿದಾರರು ಸತ್ಯ ಎಂದು ಹೇಳುವುದನ್ನು ಮಾತ್ರ ನಾನು ಸಲ್ಲಿಸಬಲ್ಲೆ" ಎಂದರು. "ಅವರು ಏನು ಹೇಳುತ್ತಾರೋ ಅವರೇ ನಿರ್ಧರಿಸಲಿ."

ಅಂಗಡಿಯ ಗೆಳೆಯರನ್ನು ಹುಡುಕಿಕೊಟ್ಟದ್ದೂ ಆ ವಕೀಲೆಯೇ. ಪಾರ್ಶ್ವವಾಯು ಹೊಡೆದು ಅವರು ಒಂದು ವೃದ್ಧಾಶ್ರಮದಲ್ಲಿದ್ದರು. ಅವರ ಮಗಳು ವಿಡಿಯೋ ಕಾಲ್‌ಗೆ ಏರ್ಪಾಡು ಮಾಡಿದಳು. ನನ್ನ ಕಚೇರಿಯಲ್ಲೇ ಯಜಮಾನರನ್ನು ಕೂರಿಸಿದೆ. ಪರದೆಯ ಮೇಲೆ ಬಿಳಿ ದಿಂಬಿಗೆ ಒರಗಿದ, ಬಾಯಿ ಒಂದು ಕಡೆ ಎಳೆದುಕೊಂಡ ಮುಖ ಕಾಣಿಸಿತು. ಯಜಮಾನರಿಗೆ ಮೊದಲು ಗುರುತೇ ಸಿಗಲಿಲ್ಲ.

"ಊಟ ಆಯ್ತಾ?" ಎಂದರು ಆ ಮನುಷ್ಯ. ವಾರಿಜಾ ಕಲಿಸಿದ್ದ ಎರಡು ಪದ.

"ಆಯ್ತು ಕಣೋ" ಎಂದು ಯಜಮಾನರು ಕನ್ನಡದಲ್ಲೇ ಹೇಳಿ ಅತ್ತುಬಿಟ್ಟರು.

ಉಳಿದ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ನಿಧಾನವಾಗಿ, ತಡವರಿಸುತ್ತ ಆತ ಹೇಳಿದರು. ಪೀಣ್ಯದಿಂದ ಹಿಂತಿರುಗಿದ ಕೂಡಲೇ ಹೆಸರನ್ನು ಬರೆಸಿದ್ದೆ. ನಿನಗೆ ತಿಳಿಸಬೇಕೆಂದುಕೊಂಡಾಗ ವಾರಿಜಾ ಆಸ್ಪತ್ರೆಯಲ್ಲಿದ್ದಾರೆ ಎಂದು ನೀನು ಬರೆದಿದ್ದೆ. ಆ ಹೊತ್ತಿನಲ್ಲಿ ಇದನ್ನು ಹೇಗೆ ಬರೆಯುವುದು ಎಂದು ಬಿಟ್ಟೆ. ಅಂಗಡಿ ಮುಳುಗಿದಾಗ, ಈ ಹೆಸರು ನನ್ನದಲ್ಲ, ಗೆಳೆಯನದು ಎಂದು ಮಾರುವವರಿಗೆ ಹೇಳಿದೆ. ಅವರು ಕಾಗದ ತೋರಿಸು ಎಂದರು. ಕಾಗದ ಎಲ್ಲಿತ್ತು?

ಆಮೇಲೆ ಆತನೇ ಆ ಮಾತು ತೆಗೆದರು. "ನಾನು ಕೇಳದೆ ಮಾಡಿದೆ ಎಂದು ಬರೆದುಕೊಡುತ್ತೇನೆ. ಕಳ್ಳ ಎನ್ನಲಿ. ನನ್ನ ಹತ್ತಿರ ಇನ್ನು ತೆಗೆದುಕೊಂಡು ಹೋಗುವಂಥದ್ದು ಏನೂ ಇಲ್ಲ. ನಿನಗೆ ಹೆಸರು ವಾಪಸು ಬರುತ್ತದೆ."

ಮಗಳು ಮುಖ ತಿರುಗಿಸಿದಳು. ಇಬ್ಬರ ಹೇಳಿಕೆಯೂ ಒಂದೇ ಆಗಿದ್ದರೆ ನಾವು ಗೆಲ್ಲುವುದು ಬಹುತೇಕ ಖಚಿತವಿತ್ತು.

"ಬೇಡ" ಎಂದರು ಯಜಮಾನರು. "ಅವಳು ಹೇಳಿದ್ದು ನೀನೂ ಕೇಳಿದ್ದೀಯ, ನಾನೂ ಕೇಳಿದ್ದೀನಿ."

"ಅವಳ ಹೆಸರಲ್ಲವೇ ಅದು?"

"ಅದಕ್ಕೇ ಬೇಡ."

ಕಾಲ್ ಮುಗಿದ ಮೇಲೆ ನನ್ನ ಕಡೆ ತಿರುಗಿದರು. "ಅವಳ ಹೆಸರು ಉಳಿಸ್ಕೊಳ್ಳೋಕೆ ಅವಳ ಮಾತನ್ನೇ ಇಲ್ಲ ಅನ್ನಿಸ್ಬೇಕಾ? ನನ್ ಕೈಲಾಗಲ್ಲಮ್ಮ. ಆ ಪೇಪರ್ ಹರಿದುಹಾಕು."

ವಾದಿಸಬೇಕೆಂದು ನನಗೆ ಅನ್ನಿಸಿತು. ಶೆಡ್ಡಿನ ಹೆಂಗಸರ ನೆನಪಾಯಿತು. ಜರ್ಮನಿಯ ವ್ಯಾಪಾರ ನಿಂತರೆ ಅರ್ಧದಷ್ಟು ಕೆಲಸ ಹೋಗುತ್ತಿತ್ತು. ಅದನ್ನು ಯಜಮಾನರಿಗೆ ಹೇಳಿಯೂ ಹೇಳಿದೆ. "ಗೊತ್ತು" ಎಂದರು. "ಬೇರೆ ಹೆಸರು ಹುಡುಕೋಣ. ಕೆಲಸ ನಿಲ್ಲಬಾರ್ದು."

ಅದಕ್ಕೆ ಮೊದಲು, ಹೆಸರು ಕೊಂಡ ಕಂಪನಿಗೆ ವಕೀಲೆಯ ಮೂಲಕ ಒಂದು ಪತ್ರ ಬರೆಸಿದೆ. ಮಾಲನ್ನಾದರೂ ಬಿಟ್ಟುಕೊಡಿ, ಹೆಸರನ್ನು ಉಜ್ಜಿ ತೆಗೆಯುತ್ತೇವೆ ಎಂದು. ಅವರು ಒಪ್ಪಲಿಲ್ಲ. ಬೇಕಿದ್ದರೆ ವರ್ಷಕ್ಕಿಷ್ಟು ಎಂದು ಕೊಟ್ಟು ಹೆಸರನ್ನು ಬಳಸಿಕೊಳ್ಳಿ ಎಂದರು. ಯಜಮಾನರು ಅದನ್ನು ಕೇಳಿ, "ಹೆಂಡ್ತಿ ಹೆಸರಿಗೆ ಬಾಡಿಗೆ ಕಟ್ಲಾ?" ಎಂದಷ್ಟೇ ಹೇಳಿದರು. ನಾವು ಕಸ್ಟಮ್ಸ್‌ನಲ್ಲಿ ಆಕ್ಷೇಪಿಸಲಿಲ್ಲ. ಗಡುವು ಮುಗಿಯಿತು. ಚಿಮಟಗಳನ್ನು ನಾಶ ಮಾಡಲಾಗಿದೆ ಎಂದು ಆಮೇಲೊಂದು ಸಾಲು ಬಂತು. ಉಕ್ಕನ್ನು ಕರಗಿಸಿದರೋ, ಪುಡಿ ಮಾಡಿದರೋ ಅದರಲ್ಲಿ ಇರಲಿಲ್ಲ.

ಹೊಸ ಹೆಸರಿಗಾಗಿ ಮತ್ತೆ ಶೆಡ್ಡಿಗೆ ಹೋದೆ. ಇನ್ನೊಬ್ಬ ಮನುಷ್ಯರ ಹೆಸರು ಬೇಡ ಎಂದು ಯಜಮಾನರು ಮೊದಲೇ ಹೇಳಿದ್ದರು. ಜರ್ಮನ್ ಭಾಷೆಯಲ್ಲಿ ನಾಜೂಕು, ನಿಖರ ಎಂಬರ್ಥದ ಪದಗಳು ನಡೆಯುವುದಿಲ್ಲ, ವಸ್ತುವಿನ ಗುಣವನ್ನೇ ಹೇಳುತ್ತವೆಂದು ಕಚೇರಿ ತಳ್ಳಿಹಾಕುತ್ತದೆ. ಊರಿನ ಹೆಸರು ಬೇಡವೆಂದು ವಕೀಲೆ ಎಚ್ಚರಿಸಿದ್ದರು. ನಾನು ಬರೆದುಕೊಂಡು ಹೋಗಿದ್ದ ಹೆಸರುಗಳಲ್ಲಿ ಒಂದೂ ಯಜಮಾನರ ಮನಸ್ಸಿಗೆ ಬರಲಿಲ್ಲ.

"ಕುಸುರಿ ಅಂತ ಇಡ್ರಿ" ಎಂದಳು ಭೂತಗನ್ನಡಿಯ ಹೆಂಗಸು, ತಲೆ ಎತ್ತದೆ. "ನಾವ್ ಮಾಡೂದು ಕುಸುರಿ ಕೆಲಸಾನ ಅಲ್ರಿ?"

ಭಾರತದಲ್ಲಾದರೆ ಅದಕ್ಕೂ ತಕರಾರು ಬರಬಹುದಿತ್ತು, ಕನ್ನಡಿಗರಿಗೆ ಅರ್ಥ ಗೊತ್ತಲ್ಲ. ಜರ್ಮನಿಯಲ್ಲಿ ಅದು ಬರಿಯ ಸದ್ದು. ರಿಜಿಸ್ಟರಿನಲ್ಲಿ ಹುಡುಕಿದೆ, ಎಂಟನೆಯ ವರ್ಗದಲ್ಲಿ ಹತ್ತಿರದ್ದು ಯಾವುದೂ ಇರಲಿಲ್ಲ. ಯಜಮಾನರು ಆ ಪದವನ್ನು ಒಂದೆರಡು ಸಲ ಬಾಯಲ್ಲಿ ಹೇಳಿಕೊಂಡು, "ಇರ್ಲಿ" ಎಂದರು.

ಅರ್ಜಿ ಹಾಕಿದೆವು. ಈ ಸಲ ಕಂಪನಿಯ ಹೆಸರಿನಲ್ಲೇ, ಮ್ಯೂನಿಕ್‌ನ ವಕೀಲೆ ಬರಿಯ ಪ್ರತಿನಿಧಿ. ವಸ್ತುಗಳ ವಿವರದಲ್ಲಿ 'ಉಪಕರಣಗಳು' ಎಂದಷ್ಟೇ ಬರೆದದ್ದು ಅಸ್ಪಷ್ಟ ಎಂದು ಕಚೇರಿಯಿಂದ ಪ್ರಶ್ನೆ ಬಂತು. ಗಡಿಯಾರ ದುರಸ್ತಿಯ ಚಿಮಟ, ಸ್ಕ್ರೂಡ್ರೈವರ್, ಮುಳ್ಳು ಎತ್ತುವ ಸನ್ನೆಗೋಲು ಎಂದು ಬಿಡಿಸಿ ಬರೆದುಕೊಟ್ಟೆವು. ಅದಕ್ಕೆ ತಕರಾರಿರಲಿಲ್ಲ. ಹೆಸರು ನೋಂದಣಿಯಾಗಿ ಪ್ರಕಟವಾಯಿತು. ಅರ್ಜಿಯ ದಿನದಿಂದ ಹತ್ತು ವರ್ಷ ಅದು ಅವರದು. ಆದರೆ ಪ್ರಕಟಣೆಯಿಂದ ಮೂರು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದಾಗಿತ್ತು.

ಆ ಮೂರು ತಿಂಗಳಲ್ಲಿ ಆನ್‌ಲೈನ್ ಕಂಪನಿ ಕಾಯಲಾರೆವೆಂದು ಹಿಂದೆ ಸರಿಯಿತು. ಇನ್ನೊಬ್ಬ ಸಣ್ಣ ಮಾರಾಟಗಾರ ಸಿಕ್ಕಿದ, ಆದರೆ ಅವನಿಗೆ ಬೇಕಾದದ್ದು ಕಡಿಮೆ. ಸಾಣೆಕಲ್ಲಿನ ಸಾಲಿನಲ್ಲಿ ಕೆಲವು ಸ್ಟೂಲುಗಳು ಖಾಲಿಯಾದವು. ಬಿಟ್ಟವರಲ್ಲಿ ಇಬ್ಬರು ಬೊಮ್ಮಸಂದ್ರದ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್‌ಗೆ ಸೇರಿದರೆಂದು ಕೇಳಿದೆ. ಆ ನಡುವೆಯೇ ಜರ್ಮನಿಯ ಮಗಳಿಂದ ಒಂದು ಸಂದೇಶ ಬಂತು, ತಂದೆ ಹೋದರೆಂದು. ಅದನ್ನು ಯಜಮಾನರಿಗೆ ಓದಿ ಹೇಳಬೇಕಾದವಳು ನಾನೇ. ಕೇಳಿ ಅವರು ಎದ್ದು ಹೋಗಿ ಲೇಸರ್ ಯಂತ್ರ ನಿಲ್ಲಿಸಿದರು. ಅಂದು ಶೆಡ್ಡಿಗೆ ಅರ್ಧ ದಿನ ರಜೆ ಕೊಟ್ಟರು. ಯಾರಿಗಾಗಿ ಎಂದು ಹೆಂಗಸರು ಕೇಳಿದಾಗ, "ನಮ್ಮ ಮನೆಯವರು" ಎಂದರು.

ಗಡುವು ಮುಗಿದ ಮಾರನೆಯ ದಿನ ರಿಜಿಸ್ಟರ್ ತೆರೆದು ನೋಡಿದೆ. ವಿರೋಧ ಬಂದಿಲ್ಲ ಎಂದು ವಕೀಲೆಯೂ ಖಚಿತಪಡಿಸಿದರು. ನನ್ನ ವೃತ್ತಿಯಲ್ಲಿ ಇದು ಒಳ್ಳೆಯ ಸುದ್ದಿ, ಇದನ್ನು ಹೇಳಲು ಫೋನು ಎತ್ತುವಾಗ ಪ್ರತಿಸಲವೂ ಸಂತೋಷವಾಗುತ್ತದೆ. ಆ ದಿನವೂ ದನಿಯಲ್ಲಿ ಸ್ವಲ್ಪ ಉತ್ಸಾಹ ತಂದುಕೊಂಡೇ ಹೇಳಿದೆ.

"ಸಾರ್, ಕುಸುರಿ ಇನ್ನು ಪೂರ್ತಿ ನಿಮ್ಮದು. ಮೂರು ತಿಂಗಳು ಮುಗೀತು, ಯಾರೂ ತಕರಾರು ಮಾಡ್ಲಿಲ್ಲ."

ಆ ಕಡೆ ಸಾಣೆಯ ಸದ್ದು ಕೇಳುತ್ತಿತ್ತು. ಅದರ ನಡುವೆಯೇ ಅವರ ದನಿ ಬಂತು.

"ಯಾರು ಮಾಡ್ತಾರಮ್ಮ? ಅದು ಯಾರ ಹೆಸರೂ ಅಲ್ವಲ್ಲ."